ಮಾಳಿಗೆಯ ಮೇಲಿನ ಜರಡಿ

ನಮ್ಮತ್ತೆ ರತ್ನವ್ವ ಇಳಕಲ್ಲಿನಲ್ಲೇ ಹುಟ್ಟಿ, ಇಳಕಲ್ಲಿನಲ್ಲೇ ಮಗ್ಗದ ತೆಗ್ಗಿಗೆ ಕಾಲಿಳಿಸಿ ಕೂತವರು. ಅವರು ನೇಯ್ದ ಸೀರೆಗಳು ಎಲ್ಲೆಲ್ಲಿಗೋ ಹೋಗಿವೆ, ಆದರೆ ಅಂಗಡಿಯವರ ಹೆಸರಿನ ಚೀಟಿ ಅಂಟಿಸಿಕೊಂಡು. 2009ರಲ್ಲಿ ಬೆಂಗಳೂರಿನ ಒಂದು ಪ್ರದರ್ಶನದವರು ಮೊದಲ ಬಾರಿಗೆ, ನೇಯ್ದವರ ಹೆಸರು ಹಾಕಿಯೇ ಸೀರೆ ಇಡುತ್ತೇವೆ ಎಂದರು. ಸೀರೆಯ ಫೋಟೋ ಇಂಟರ್ನೆಟ್ಟಿನಲ್ಲಿ ಕೊನೆಯ ದಿನ ಸಂಜೆ ಐದರೊಳಗೆ ಮುಟ್ಟಬೇಕಿತ್ತು. ಆ ದಿನ ನನಗಂತೂ ಬೆಳಗಿನಿಂದ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇತ್ತು, ಅದಕ್ಕೆ ಸಿಕ್ಕಿಸುವ ಡಾಟಾ ಕಾರ್ಡೂ ಇತ್ತು. ಇಲ್ಲದ್ದು ರೇಂಜು. ದಪ್ಪ ಕಲ್ಲುಗೋಡೆಯೊಳಗೆ ಒಂದೇ ಕಡ್ಡಿ ತೋರಿಸುತ್ತಿತ್ತು, ಅದೂ ಮನಸ್ಸು ಬಂದಾಗ. ಫೋಟೋ ಅರ್ಧ ಹೋಗಿ ನಿಲ್ಲುತ್ತಿತ್ತು. ಪೇಟೆಯ ಸೈಬರ್ ಅಂಗಡಿ ಅವತ್ತೇ ಬಂದ್.

"ನಾಳಿ ಹುನಗುಂದಕ್ಕ ಹೋಗಿ ಕಳಸಿದ್ರಾತು ಬಿಡ" ಎಂದರು ನಮ್ಮ ಮನೆಯವರು ಸೋಮಲಿಂಗ. ನಾಳೆಯಂತೆ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಗಂಡಸು. ನನಗೆ ಮೈ ಉರಿದುಹೋಯಿತು.

ಅಷ್ಟರಲ್ಲಿ ಬಾಗಿಲ ಬಳಿ ಇಟ್ಟಿದ್ದ ಮೊಬೈಲು ಬಡಿದುಕೊಂಡಿತು. ಅತ್ತೆ ಎತ್ತಿದರು, ನಾನು ಸ್ಪೀಕರ್ ಹಾಕಿದೆ. ಪ್ರದರ್ಶನದ ಕಚೇರಿಯ ಹುಡುಗಿ.

"ಅಮ್ಮಾ, ಅರ್ಧ ಚಿತ್ರ ಮಾತ್ರ ಬಂದಿದೆ. ಸೆರಗೇ ಇಲ್ಲ. ನಿಮ್ಮ ಕಡೆಯ ಕೊಂಡಿ ಪದೇ ಪದೇ ಕಡಿದುಹೋಗುತ್ತಿದೆ."

ಮುಗಿಯಿತು ಕಥೆ. ಇಳಕಲ್ಲಿನಲ್ಲಿ ಕೊಂಡಿ ಎಂದರೆ ಒಂದೇ: ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕುಣಿಕೆ ಕೊಟ್ಟು ಕೂಡಿಸುವುದು. ಅದು ಬಿಟ್ಟುಕೊಂಡರೆ ನೇಯ್ದವರ ಮಾನ ಹೋದಂತೆ.

"ನನ್ನ ಕೊಂಡಿ ಹರೀತಂತ ಹೇಳ್ತೀಯೇನವಾ? ನಾಲಿಗಿ ಸಂಭಾಳಸು!" ಅತ್ತೆ ಟ್ರಂಕಿನಿಂದ ಸೀರೆ ಎಳೆದು ತಂದು ಒಂದು ತುದಿ ಮಗನ ಕೈಗೆ ಕೊಟ್ಟರು. "ಜಗ್ಗಲೇ ಸೋಮ್ಯಾ! ಹರೀತೈತೇನ ಆಕಿ ಕೇಳ್ಲಿ!"

ಆ ಹುಡುಗಿ ಹೆದರಿ ಫೋನಿಟ್ಟಳು. ನನಗೆ ನಗು ತಡೆಯಲಾಗಲಿಲ್ಲ.

"ಅತ್ತಿ, ಸೀರಿ ಕೊಂಡಿ ಅಲ್ಲರಿ ಅದು. ನಮ್ಮ ಕಂಪ್ಯೂಟರಿಗೂ ಟವರಿಗೂ ನಡುವ ಗಾಳ್ಯಾಗ ಒಂದು ಜೋಡಣಿ ಇರತೈತಿ. ಅದಕ್ಕ ಅವರು ಕೊಂಡಿ ಅಂತಾರ."

"ಹರದಿದ್ದು ಅದಾ? ಮತ್ತ ಯಾಕ ಸುಮ್ನ ನಿಂತೀರಿ? ಕೂಡಸ್ರಿ ಲಗೂನ!"

ಸಿಟ್ಟು ಇಳಿದಿರಲಿಲ್ಲ, ನಮ್ಮ ಕಡೆ ತಿರುಗಿತ್ತು ಅಷ್ಟೆ. ಆಗ ನನಗೆ ಗೆಳತಿ ಮುಬಶೀರಾ ಹೇಳಿದ್ದು ನೆನಪಾಯಿತು: ಡಾಟಾ ಕಾರ್ಡನ್ನು ತಂತಿ ಜರಡಿಯ ನಡುವೆ ಇಟ್ಟು ಟವರಿನ ಕಡೆ ಹಿಡಿದರೆ ರೇಂಜು ಏರುತ್ತದಂತೆ. ಕಾರ್ಡನ್ನು ಉದ್ದನೆಯ ವೈರಿನ ತುದಿಗೆ ಸಿಕ್ಕಿಸಿ ಬೆಳಕಿಂಡಿಯಿಂದ ಮಾಳಿಗೆಗೆ ಹಾಯಿಸಿದೆವು. ಹಿಟ್ಟಿನ ಜರಡಿಯನ್ನು ಅತ್ತೆ ಯಾರ ಕೈಗೂ ಕೊಡಲಿಲ್ಲ, ತಾವೇ ಹಿಡಿದು ನಿಚ್ಚಣಿಕೆ ಹತ್ತಿದರು.

ಅವರು ಮೇಲೆ, ನಾನು ಕೆಳಗೆ. "ಎಡಕ್ಕರಿ! ಇನ್ನೊಂಚೂರು! ಸಾಕ ಸಾಕ, ಅಲ್ಲೇ!" ಎರಡು ಕಡ್ಡಿ. ಮೂರು. ನಾಲ್ಕು! ನಾನು ನಿಂತಲ್ಲೇ ಕುಣಿದುಬಿಟ್ಟೆ. ಪರದೆಯ ಹಸಿರು ಗೆರೆ ಅರ್ಧ ದಾಟಿತು, ಮುಕ್ಕಾಲು ದಾಟಿತು. ನಾಳೆ ಎಂದಿದ್ದ ನಮ್ಮ ಮನೆಯವರೂ ಉಸಿರು ಬಿಗಿಹಿಡಿದು ನಿಂತರು.

"ಹೋತ್ರಿ ಅತ್ತಿ! ಸೆರಗು ಸುದ್ದಾ ಹೋತು!"

ಪರದೆಯಲ್ಲಿ ಫೋಟೋದ ಕೆಳಗೆ ಇನ್ನೊಂದು ಖಾನೆ ತೆರೆಯಿತು: ನೇಕಾರರ ಹೆಸರು.

"ನಂದ ಹಾಕ, ಮನಿ ಯಜಮಾನ ನಾನ ಅಲ್ಲೇನ" ಎಂದರು ಇವರು. ನಾನು ಒಮ್ಮೆ ಅವರ ಮುಖ ನೋಡಿ, ಬೆಳಕಿಂಡಿಯತ್ತ ಮುಖವೆತ್ತಿ ಕೂಗಿದೆ: "ಅತ್ತಿ, ನೇಯ್ದವರ ಹೆಸರ ಕೇಳಾಕತ್ತೈತಿ. ಏನ ಬರೀಲಿ?"

ಮೇಲಿನಿಂದ ಓಣಿಗೆಲ್ಲ ಕೇಳುವಂತೆ ಬಂತು: "ರತ್ನವ್ವ ಅಂತ ಬರಿ! ದೊಡ್ಡ ಅಕ್ಷರದಾಗ ಬರಿ!"

ಬರೆದೆ. ಒತ್ತಿದೆ. ನನ್ನ ಕಣ್ಣು ತುಂಬಿ ಬಂದಿತ್ತು.

"ಬರದಾತ್ರಿ ಅತ್ತಿ, ಇಳದ ಬರ್ರಿ. ಕೈ ನೋಯತಾವ."

"ತಡಿಯವಾ, ಹೆಸರ ಪೂರಾ ಮುಟ್ಟಲಿ" ಎಂದರು. "ಅಲ್ಲೀತನಕ ನಾ ಕೈ ಇಳಸಂಗಿಲ್ಲ."