ಅರ್ಧ ಗಡ್ಡದ ತಪ್ಪೊಪ್ಪಿಗೆ

ಆ ಬೀದಿಯ ಕ್ಷೌರಿಕ ಮಾತಿನ ಮಲ್ಲ. ಕುರ್ಚಿಯಲ್ಲಿ ಕೂತವರ ಗಡ್ಡಕ್ಕಿಂತ ಮೊದಲು ದುಗುಡ ಇಳಿಸುತ್ತಿದ್ದ. ಚರ್ಚಿನಲ್ಲಿ ಯೇಸುವಿನ ನೆನಪಿಗೆ ಎಲ್ಲರಿಗೂ ಹಂಚುವ ಪ್ರಭುಭೋಜನದ ದ್ರಾಕ್ಷಾರಸವನ್ನು ಪುಟ್ಟ ಲೋಟಗಳಿಗೆ ಸುರಿದಿಡುವ ಕೆಲಸವೂ ಅವನದೇ ಆಗಿತ್ತು. ಆಮೇಲೊಂದು ದಿನ, ಉಳಿದದ್ದೆಲ್ಲ ಅವನ ಹೊಟ್ಟೆಗೇ ಇಳಿಯುತ್ತದೆಂಬ ಸುದ್ದಿ ಎದ್ದಿತು. ಪಾದ್ರಿಗಳು ಮುಜುಗರಪಡುತ್ತಲೇ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಕ್ಷೌರಿಕ ಹಿಂದಿನ ಬೆಂಚು ಸೇರಿದ. ಸುದ್ದಿ ಹಬ್ಬಿಸಿದವರು ಯಾರೆಂದು ಅವನಿಗೆ ತಿಳಿದಿರಲಿಲ್ಲ.

ಅಂದಿನಿಂದ ಅದೇ ಚರ್ಚಿನ ಬಡಗಿಯೊಬ್ಬ ಅವನ ಅಂಗಡಿಯತ್ತ ಸುಳಿದಿರಲಿಲ್ಲ. ಮಗಳ ಮದುವೆಯ ಬೆಳಿಗ್ಗೆ ಬೇರೆಲ್ಲೂ ಬಾಗಿಲು ತೆರೆದಿರದೆ, ವಿಧಿಯಿಲ್ಲದೆ ಓಡಿ ಬಂದ.

“ಬೇಗ ಮಾಡಣ್ಣ, ಹುಡುಗಿ ಆಗ್ಲೇ ರೆಡಿಯಾಗಿದಾಳೆ.”

“ಮಗಳ ಮದುವೆ ಅಂದ್ರೆ ಸುಮ್ನೇನಾ? ಮದುಮಗನೇ ನಾಚ್ಕೋಬೇಕು, ಹಾಗೆ ಮಾಡಿ ಕಳಿಸ್ತೀನಿ!”

ಬಲಗೆನ್ನೆ ಮುಗಿಯಿತು. ಕತ್ತಿ ಗಂಟಲ ಬಳಿ ಬಂದಾಗ ಬಡಗಿಯ ಕಣ್ಣು ತುಂಬಿತು.

“ಅಯ್ಯೋ, ಕೊಯ್ತಾ?”

“ಇಲ್ಲಣ್ಣ. ಆ ದ್ರಾಕ್ಷಾರಸದ ಮಾತು ಹೇಳಿದ್ದು ನಾನೇ. ನಾಲ್ಕು ಜನ ನಗಲಿ ಅಂತ ಅಂದೆ. ಅದಕ್ಕೆ ಕೈಕಾಲು ಮೂಡಿ ಊರೆಲ್ಲ ಸುತ್ತಿಬಿಡ್ತು. ನೀನು ಇಷ್ಟು ಪ್ರೀತಿಯಿಂದ ಮಾತಾಡಿಸಿದ್ರೆ ನಾನು ಹೇಗೆ ತಡ್ಕೊಳ್ಳಲಿ?”

ಕ್ಷೌರಿಕ ಕತ್ತಿ ಕೆಳಗಿಟ್ಟು, ಹೆಂಡತಿ ಟವೆಲು ಮಡಚುತ್ತಿದ್ದ ಒಳಕೋಣೆಗೆ ಹೋದ.

“ಕೇಳಿಸ್ತೇನೇ? ಹೀಗೇ ಕಳಿಸ್ತೀನಿ ಅವನ್ನ. ಅರ್ಧ ಗಡ್ಡದಲ್ಲೇ ಮಗಳ ಕೈ ಹಿಡ್ಕೊಂಡು ಚರ್ಚಿನೊಳಗೆ ನಡೀಲಿ!”

“ಶಿಲುಬೆ ಮೇಲಿದ್ದಾಗ್ಲೂ ಯೇಸುಸ್ವಾಮಿ ಕ್ಷಮಿಸಿದ್ರು ಅಲ್ವಾ?”

“ಆಗ ಅವರ ಕೈಯಲ್ಲಿ ಕತ್ತಿ ಇರ್ಲಿಲ್ಲ ಕಣೇ!”

“ಇಲ್ಲ. ಮೊಳೆ ಇತ್ತು.”

ಕ್ಷೌರಿಕ ಪರದೆ ಸರಿಸಿ ಇಣುಕಿದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ನೊರೆ ಮೆತ್ತಿದ ಅರಳೆಯ ಮೂಟೆ. ಬಡಗಿ ಕಣ್ಮುಚ್ಚಿ ಕೈಮುಗಿದು ತೀರ್ಪಿಗೆ ಕಾಯುತ್ತಿದ್ದ. ಕ್ಷೌರಿಕನಿಗೆ ತಡೆಯಲಾರದ ನಗು ಬಂತು. ನಗುತ್ತಲೇ ಬಂದು ಎಡಗೆನ್ನೆ ಮುಗಿಸಿದ; ಕೇಳದಿದ್ದರೂ ಹುಬ್ಬು ತಿದ್ದಿದ, ಕಿವಿಯ ಕೂದಲನ್ನೂ ತೆಗೆದ.

“ಮರ್ತುಬಿಟ್ಟೆಯಾ ಅಣ್ಣ?”

“ಮರ್ತಿಲ್ಲ. ಬಿಟ್ಟೆ, ಅಷ್ಟೆ. ಏಳು, ಹೊತ್ತಾಯ್ತು. ನಾವೂ ಬರ್ತೀವಿ.”

ಮದುವೆಯ ಊಟಕ್ಕೆ ಎಲ್ಲರೂ ಕೂತಾಗ ಬಡಗಿ ಎದ್ದು ನಿಂತ. “ಈ ಅಣ್ಣ ಒಂದು ಹನೀನೂ ಮುಟ್ಟಿಲ್ಲ. ಎಲುಬಿಲ್ಲದ ನಾಲಿಗೆ ನಂದು,” ಎಂದು ಎಲ್ಲವನ್ನೂ ಹೇಳಿದ. ಪಾದ್ರಿಗಳ ಮುಖ ಕೆಂಪಾಯಿತು. “ಒಂದು ಮಾತೂ ಕೇಳ್ದೆ ತೀರ್ಪು ಕೊಟ್ಟವನು ನಾನು. ನನ್ನನ್ನೂ ಕ್ಷಮಿಸಪ್ಪ,” ಎಂದರು. ಕ್ಷೌರಿಕ ಆಗಲೆಂದು ತಲೆ ಆಡಿಸಿದ.

ಮದುಮಗಳು ಅವನನ್ನು ಎಳೆದೊಯ್ದು ಅಪ್ಪನ ಪಕ್ಕದಲ್ಲೇ ಕೂರಿಸಿದಳು. ಬಡಗಿ ಬಡಿಸಿದ, ಮತ್ತೆ ಬಡಿಸಿದ, ಬೇಡವೆಂದರೂ ಬಡಿಸಿದ. ಕೊನೆಗೆ ಕ್ಷೌರಿಕ ಎರಡೂ ಕೈಗಳನ್ನು ತಟ್ಟೆಯ ಮೇಲೆ ಅಡ್ಡ ಹಿಡಿದ.

“ಸಾಕು ಮಹರಾಯ! ಕ್ಷಮಿಸಿದ್ದು ನಾನು, ಶಿಕ್ಷೆನೂ ನಂಗೇನಾ?”