ಕೈ ಮಾತ್ರ ಕಾಣುವ ಪಾಠ

ಗಿರಿಜಮ್ಮ ಪ್ರತಿದಿನ ಬೆಳಗ್ಗೆ ನಾಗಮಣಿಯ ಅಂಗೈಯಲ್ಲಿ ಒಂದು ಎಳ್ಳುಂಡೆ ಇಡುತ್ತಿದ್ದರು. ಮೈಗೆ ಉಷ್ಣವಾದರೆ ನಿಂತ ಮುಟ್ಟು ಸರಿಯಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ನಾಗಮಣಿ ಅದನ್ನು ಅವರ ಎದುರಿಗೇ ತಿಂದು ನೀರು ಕುಡಿಯುತ್ತಿದ್ದಳು. ಅವಳಿಗೆ ನಿಂತದ್ದು ಏನೂ ಇರಲಿಲ್ಲ. ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು. ಈಗಲೂ ಬಂದಿತ್ತು, ಎರಡನೆಯ ದಿನ. ಬಂದಿಲ್ಲವೆಂದು ಸುಳ್ಳು ಹೇಳಿಕೊಂಡೇ ಅಡುಗೆ ಮಾಡುತ್ತಿದ್ದಳು, ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಇದು ನಾಲ್ಕನೆಯ ತಿಂಗಳು.

ಬೇಕೆಂದು ಹೇಳಿದ ಸುಳ್ಳಲ್ಲ. ಹೋದ ಆಗಸ್ಟಿನಲ್ಲಿ, ಮಗು ನೋಡಿಕೊಳ್ಳುವ ಹುಡುಗಿ ಎಂಬ ಒಂದು ವರ್ಷದ ವೀಸಾದ ಮೇಲೆ ಅವಳು ಡಚ್ಚರ ನಾಡಿನ ಆಮ್ಸ್ಟೆಲ್‌ವೀನಿನ ಈ ಮೂರನೇ ಮಹಡಿಯ ಮನೆಗೆ ಬಂದಾಗ, ಇಲ್ಲಿ ಇಂಥ ಕಟ್ಟುಪಾಡು ಇರಲಿಲ್ಲ. ಸರಳಾ ಮತ್ತು ಮುರಳೀಧರ ಇಬ್ಬರೂ ಬೆಳಗ್ಗೆ ಟ್ರ್ಯಾಮ್ ಹಿಡಿದು ಆಫೀಸಿಗೆ ಹೋಗುತ್ತಿದ್ದರು. ಏಳು ವರ್ಷದ ನಿಹಾರಿಕಾಳನ್ನು ಶಾಲೆಗೆ ಬಿಟ್ಟು ಕರೆತರುವುದು, ಸಂಜೆಗೊಂದು ಸಾರು ಮಾಡುವುದು, ಇಷ್ಟೇ ನಾಗಮಣಿಯ ಕೆಲಸವಾಗಿತ್ತು. ಫೆಬ್ರವರಿಯಲ್ಲಿ ಮುರಳೀಧರನ ತಾಯಿ ಗಿರಿಜಮ್ಮ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದರು. ಅವರು ಬಂದ ಎರಡನೇ ವಾರ ಸರಳಾ ಹೊರಗಾದಳು. ಅತ್ತೆಯ ಜೊತೆ ವಾದ ಬೇಡವೆಂದು ಲ್ಯಾಪ್‌ಟಾಪ್ ಎತ್ತಿಕೊಂಡು ನಾಗಮಣಿಯ ಸಣ್ಣ ರೂಮಿಗೆ ಹೋಗಿ ಕೂತಳು. ನಾಗಮಣಿ ಹಾಲಿನ ಸೋಫಾದಲ್ಲಿ ಮಲಗಿದಳು.

“ನೀನಿದೀಯಲ್ಲ, ಅದೇ ನನ್ ಪುಣ್ಯ ಕಣೇ,” ಎಂದು ಸರಳಾ ಬಾಗಿಲ ಸಂದಿಯಿಂದ ಹೇಳಿದಳು. “ಆ ಮಂಡಿನೋವಲ್ಲಿ ಅತ್ತೆ ಕೈಲಿ ಅಡುಗೆ ಆಗತ್ತಾ?”

ಮಾರನೆಯ ದಿನ ನಾಗಮಣಿಗೂ ಆಯಿತು. ಗಿರಿಜಮ್ಮ ವಿಚಾರಿಸಿದಾಗ, ತನಗೆ ಮೂರು ನಾಲ್ಕು ತಿಂಗಳಿಗೊಮ್ಮೆ, ಸರಿಯಾಗಿ ಆಗುವುದೇ ಇಲ್ಲ ಎಂದುಬಿಟ್ಟಳು. ಗಿರಿಜಮ್ಮನಿಗೆ ಅಯ್ಯೋ ಅನ್ನಿಸಿತು. ಅಂದೇ ಅವಳ ಕೈಯಲ್ಲೇ ಎಳ್ಳು ಹುರಿಸಿದರು.

ಮಾರ್ಚಿನಲ್ಲಿ ವಿಮಾನಗಳು ನಿಂತವು. ಮನೆಮಂದಿಯೆಲ್ಲ ಮನೆಯಲ್ಲೇ ಉಳಿದರು, ಒಂದೊಂದು ಮೂಲೆಯಲ್ಲಿ ಒಂದೊಂದು ಮೀಟಿಂಗು, ಎಲ್ಲರಿಗೂ ಹೊತ್ತುಹೊತ್ತಿಗೆ ಹಸಿವು. ಮಡಿ ಮೈಲಿಗೆ ನೋಡಿಕೊಂಡು ಬಂದಿರುವುದಕ್ಕೇ ಕೊರೊನಾ ಈ ಮೆಟ್ಟಿಲು ಹತ್ತಿಲ್ಲ ಎಂದು ಗಿರಿಜಮ್ಮ ಫೋನಿನಲ್ಲಿ ಮೈಸೂರಿನ ನೆಂಟರಿಗೆಲ್ಲ ಹೇಳುತ್ತಿದ್ದರು. ಸಣ್ಣ ರೂಮಿಗೆ ಹೋಗಿಬಂದವರು ಸ್ನಾನ ಮಾಡಬೇಕೆಂಬ ನಿಯಮವನ್ನು ಮಾತ್ರ ಸ್ವಲ್ಪ ಸಡಿಲಿಸಿದ್ದರು. ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಯಾನಿಟೈಸರ್ ಬಾಟಲಿ ಇತ್ತು; ಅದನ್ನು ಕೈಗೆ ಹಚ್ಚಿಕೊಂಡರೆ ನಡೆಯುತ್ತಿತ್ತು.

ಸರಳಾಳ ಮೂರು ದಿನ ಬರಬರುತ್ತಾ ಐದು ದಿನವಾಯಿತು. ನಾಗಮಣಿ ಅದನ್ನು ಗಮನಿಸಿದ್ದಳು. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುವ ಭಾಗ್ಯ ಆ ಮನೆಯಲ್ಲಿ ಬೇರೆ ಯಾವ ದಾರಿಯಿಂದಲೂ ಸಿಗುವಂತಿರಲಿಲ್ಲ. ತಿಂಗಳಲ್ಲಿ ಐದು ದಿನ ಸೋಫಾದ ಮೇಲೆ ಮಲಗಿ ಬೆನ್ನು ಹಿಡಿದುಕೊಂಡಾಗ ಮಾತ್ರ, ರೂಮು ತನ್ನದಲ್ಲವೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಆ ರೂಮಿನಲ್ಲಿ ಒಂದು ಹೊಲಿಗೆ ಮಷಿನ್ ಇತ್ತು. ಸರಳಾ ಮತ್ತು ಅವಳ ಆಫೀಸಿನ ನಾಲ್ಕೈದು ಹೆಂಗಸರು ಸೇರಿ ಒಂದು ಸಣ್ಣ ಸೇವಾಸಂಸ್ಥೆ ನಡೆಸುತ್ತಿದ್ದರು. ಉತ್ತರ ಉಗಾಂಡದ ಒಂದು ಹಳ್ಳಿಶಾಲೆಯ ಹುಡುಗಿಯರಿಗೆ ಮೈನೆರೆಯುವುದೆಂದರೇನು, ಮುಟ್ಟೆಂದರೇನು ಎಂದು ಪಾಠ ಹೇಳುವುದು, ಒಗೆದು ಮತ್ತೆ ಬಳಸುವ ಬಟ್ಟೆ ಪ್ಯಾಡು ಹೊಲಿದು ಕಳಿಸುವುದು ಅದರ ಕೆಲಸ. ಏಪ್ರಿಲ್‌ನಲ್ಲಿ ತಾನೇ ಹೋಗಿಬರಬೇಕೆಂದು ಸರಳಾ ಟಿಕೆಟ್ ಕೂಡ ಮಾಡಿಸಿದ್ದಳು. ಅದು ರದ್ದಾದ ಮೇಲೆ ಪಾಠವೂ ಕಂಪ್ಯೂಟರಿಗೆ ಬಂತು; ಪ್ಯಾಡು ಮಾತ್ರ ಸರಕು ವಿಮಾನದಲ್ಲಿ ಹೋಗುತ್ತಿತ್ತು. ಅಲ್ಲಿಯೂ ಶಾಲೆ ಮುಚ್ಚಿತ್ತು. ಅಚಾನ್ ಎಂಬ ಟೀಚರು ತಮ್ಮ ಮನೆಯ ಅಂಗಳದಲ್ಲಿ ಒಂಬತ್ತು ಹುಡುಗಿಯರನ್ನು ದೂರ ದೂರ ಕೂರಿಸಿ, ಕುರ್ಚಿಯ ಮೇಲೆ ಫೋನು ಒರಗಿಸಿಡುತ್ತಿದ್ದರು.

ಪ್ಯಾಡು ಹೊಲಿಯುತ್ತಿದ್ದವಳು ನಾಗಮಣಿ. ಪಾಠದ ದಿನ ಅದನ್ನು ಕ್ಯಾಮೆರಾದ ಮುಂದೆ ಹಿಡಿದು, ಟಿಚ್ ಬಟನ್ ಹೇಗೆ ಹಾಕಬೇಕು, ಹೇಗೆ ಮಡಿಚಬೇಕು ಎಂದು ತೋರಿಸುವವಳೂ ಅವಳೇ. ಅವಳ ಕೈ ಮಾತ್ರ ಕಾಣುತ್ತಿತ್ತು. ಮುಖ ಕಾಣದಂತೆ ಪಕ್ಕಕ್ಕೆ ಸರಿದು ಕೂರುವುದನ್ನು ಅವಳೇ ರೂಢಿ ಮಾಡಿಕೊಂಡಿದ್ದಳು.

ಹೊಲಿಗೆ ಕೆಟ್ಟು ಪಕ್ಕಕ್ಕಿಟ್ಟ ಪ್ಯಾಡುಗಳನ್ನು ಅವಳು ತನಗಾಗಿ ಇಟ್ಟುಕೊಂಡಿದ್ದಳು. ಮೊದಲು ಕೆಳಗಿನ ಅಂಗಡಿಯಿಂದ ಪ್ಯಾಕೆಟ್ ತರುತ್ತಿದ್ದಳು. ಕೊರೊನಾ ಬಂದ ಮೇಲೆ ಅಂಗಡಿಗೆ ಮುರಳೀಧರನೊಬ್ಬನೇ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅವನ ಚೀಟಿಯಲ್ಲಿ ಇದನ್ನು ಬರೆಸುವುದು ಅವಳಿಂದಾಗಲಿಲ್ಲ; ಕಸದ ಚೀಲವನ್ನು ಗಿರಿಜಮ್ಮನೇ ಕಟ್ಟಿ ಇಡುತ್ತಿದ್ದುದರಿಂದ ಎಸೆಯುವುದೂ ಕಷ್ಟ. ಬಟ್ಟೆಯಾದರೆ ಸ್ನಾನದ ಹೊತ್ತಿಗೆ ಒಗೆದು, ಬಚ್ಚಲನ್ನು ಬೆಚ್ಚಗಿಡುವ ರೇಡಿಯೇಟರಿನ ಹಿಂದೆ ಟವಲ್ಲಿನ ಮರೆಯಲ್ಲಿ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತಿತ್ತು. ಏಪ್ರಿಲ್ ಕೊನೆಗೆ ಮುರಳೀಧರ ಹೀಟಿಂಗ್ ಆರಿಸಿದ. ಅಂದಿನಿಂದ ಬಟ್ಟೆ ಒಣಗುತ್ತಿರಲಿಲ್ಲ. ಹಸಿಯದನ್ನೇ ಇಟ್ಟುಕೊಂಡು ಹನ್ನೆರಡು ತಾಸು ನಿಂತು ನಿಂತು, ಈ ಸಲ ತೊಡೆಸಂದಿಯಲ್ಲಿ ಚರ್ಮ ಸುಲಿದು ಉರಿಯುತ್ತಿತ್ತು. ಯಾರಿಗೂ ತಿಳಿಯಬಾರದೆಂದು ಆದಷ್ಟೂ ಕಾಲು ಅಗಲಿಸದೆ ನಡೆಯುತ್ತಿದ್ದಳು.

ಆ ಗುರುವಾರ ಮಧ್ಯಾಹ್ನದ ಪಾತ್ರೆ ತೊಳೆದು, ಮೂರು ಗಂಟೆಗೆ ರೂಮಿಗೆ ಹೋದಾಗ ಸರಳಾ ಆಗಲೇ ಮಾತಾಡುತ್ತಿದ್ದಳು. ಅವಳಿಗೂ ಅಂದು ಎರಡನೆಯ ದಿನವೇ. ಪರದೆಯ ಮೇಲೆ ಅಚಾನ್ ಟೀಚರ ಮುಖ ಬಾಡಿತ್ತು. ಒಂಬತ್ತರಲ್ಲಿ ಐದು ಹುಡುಗಿಯರಿಗೆ ಹುಣ್ಣಾಗಿದೆ, ಇಬ್ಬರು ಪ್ಯಾಡು ಬಿಟ್ಟು ಹಳೆಯ ಚಿಂದಿಗೇ ಹೋಗಿದ್ದಾರೆ, ಹೀಗಾದರೆ ತಾಯಂದಿರು ಹುಡುಗಿಯರನ್ನು ಪಾಠಕ್ಕೇ ಕಳಿಸುವುದಿಲ್ಲ ಎಂದು ಟೀಚರು ಹೇಳುತ್ತಿದ್ದರು. ನಾಗಮಣಿಗೆ ಇಂಗ್ಲಿಷ್ ಮಾತಾಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತಿತ್ತು. ಸೋಪು ಹಾಕಿ ಒಗೆಯುತ್ತಾರಾ, ಬಿಸಿಲಲ್ಲಿ ಒಣಗಿಸುತ್ತಾರಾ ಎಂದು ಸರಳಾ ಕೇಳಿದಳು. ಟೀಚರು ಹಿಂದೆ ತಿರುಗಿ ಅವರ ಭಾಷೆಯಲ್ಲಿ ಕೇಳಿದರು. ಹುಡುಗಿಯರೆಲ್ಲ ಒಟ್ಟಿಗೆ ಹೌದೆಂದರು.

ಹಾಗಾದರೆ ಬಟ್ಟೆಯ ಬಣ್ಣವೇ ಆಗಿಬರುತ್ತಿಲ್ಲ ಎಂದು ಸರಳಾ ಲೆಕ್ಕ ಹಾಕಿದಳು. ಬೇರೆ ಫ್ಲಾನೆಲ್ ಬಟ್ಟೆ ತರಿಸುವುದಾಗಿ ಟೀಚರಿಗೆ ಹೇಳಿ ಇತ್ತ ತಿರುಗಿ, ಮುಂದಿನ ವಾರದೊಳಗೆ ಹೊಸದು ನಲವತ್ತು ಆಗಬಹುದೇ ಎಂದು ನಾಗಮಣಿಯನ್ನು ಕೇಳಿದಳು.

ನಾಗಮಣಿ ಪರದೆ ನೋಡುತ್ತಿದ್ದಳು. ಕೊನೆಯಲ್ಲಿ ಕೂತ ಹುಡುಗಿಗೆ ಹದಿಮೂರು ವರ್ಷವಿದ್ದೀತು. ಚಾಪೆಯ ಮೇಲೆ ಒಂದೇ ತೊಡೆಗೆ ಭಾರ ಕೊಟ್ಟು, ಲಂಗವನ್ನು ಮೈಯಿಂದ ಸ್ವಲ್ಪ ಬಿಡಿಸಿ ಹಿಡಿದುಕೊಂಡು ಕೂತಿತ್ತು. ಹಾಗೆ ಯಾಕೆ ಕೂರುತ್ತಾರೆಂದು ನಾಗಮಣಿಗೆ ಗೊತ್ತಿತ್ತು. ಆಗಲೇ ಅವಳೂ ಹಾಗೆಯೇ ಕೂತಿದ್ದಳು.

“ಬಟ್ಟೆ ತಪ್ಪಲ್ಲ ಅಕ್ಕ,” ಎಂದಳು. “ಎಲ್ಲಿ ಒಣಗಿಸ್ತಾರೆ ಕೇಳಿ.”

“ಬಿಸಿಲಲ್ಲಿ ಅಂದ್ರಲ್ಲ.”

“ಹಂಗ್ ಕೇಳಿದ್ರೆ ಹಂಗೇ ಹೇಳ್ತಾರೆ. ನಿನ್ನೆ ರಾತ್ರಿ ಎಲ್ಲಿಟ್ಟಿದ್ರಿ ಅಂತ ಕೇಳಿ.”

ಸರಳಾ ಕೇಳಿದಳು. ಟೀಚರು ಕೇಳಿದರು. ಈ ಸಲ ಒಂಬತ್ತು ಹುಡುಗಿಯರಲ್ಲಿ ಒಬ್ಬಳೂ ಬಾಯಿಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಯ ಹುಡುಗಿ ನೆಲ ನೋಡಿತು. ಅಂಗಳದಲ್ಲಿ ಎಲ್ಲೋ ಕೋಳಿ ಕೂಗಿದ್ದು ಕೇಳಿತು. ಹೇಳುವುದಿಲ್ಲ ಇವರು ಎಂಬಂತೆ ಟೀಚರು ಕೈ ಚೆಲ್ಲಿದರು.

ಮೊದಲು ಯಾರಾದರೂ ಒಬ್ಬರು ಹೇಳಬೇಕು, ಇಲ್ಲದಿದ್ದರೆ ಇದು ಹೊರಗೆ ಬರುವುದಿಲ್ಲ ಎಂದು ನಾಗಮಣಿಗೆ ಅನ್ನಿಸಿತು. ಹೇಳಿದರೆ ನಾಲ್ಕು ತಿಂಗಳ ಸುಳ್ಳೂ ಅದರ ಜೊತೆಗೇ ಬರುತ್ತಿತ್ತು. ಈ ಮನೆಯಲ್ಲಿ ಗಿರಿಜಮ್ಮನ ಮಾತೇ ಮಾತು. ಬೇಡವೆಂದು ಕಳಿಸಿದರೆ ಹೋಗಲು ವಿಮಾನವಿಲ್ಲ, ಉಳಿಯಲು ಬೇರೆ ಮನೆಯಿಲ್ಲ. ಹೇಳದಿದ್ದರೆ ನಲವತ್ತು ಹೊಸ ಪ್ಯಾಡು ಹೊಲಿಯಬೇಕು, ಆ ಹುಡುಗಿ ಅವುಗಳನ್ನೂ ಎಲ್ಲೋ ಕತ್ತಲಲ್ಲಿ ಒಣಗಿಸಿ ಹೀಗೆಯೇ ಕೂರಬೇಕು. ಎಷ್ಟು ದಣಿದಿದ್ದಳೆಂದರೆ, ಹೆದರುವುದೂ ಒಂದು ಕೆಲಸದಂತೆ ಕಂಡಿತು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಪರದೆಯ ಮೂಲೆಯ ಚೌಕದಲ್ಲಿ ಮೊದಲ ಸಲ ತನ್ನ ಮುಖ ಕಂಡಿತು.

“ನಂದು ಹೇಳ್ತೀನಿ. ನೀವು ಇಂಗ್ಲಿಷಲ್ಲಿ ಹೇಳಿ ಅಕ್ಕ. ಎಂಟನೇ ಕ್ಲಾಸಲ್ಲಿ ನಾನು ಟ್ರಂಕಿನ ಹಿಂದೆ ಒಣಗಿಸ್ತಿದ್ದೆ. ನಮ್ಮದು ಒಂದೇ ರೂಮಿನ ಮನೆ, ಅಪ್ಪ ಅಣ್ಣ ಎಲ್ಲ ಅಲ್ಲೇ. ಅದು ಒಣಗ್ತಾನೇ ಇರ್ಲಿಲ್ಲ. ಹಸೀದೇ ಇಟ್ಕೊಂಡು ಸ್ಕೂಲಿಗೆ ಮೂರು ಮೈಲಿ ನಡೀತಿದ್ದೆ. ಹುಣ್ಣಾಯ್ತು. ಎರಡು ವಾರ ಹೋಗ್ಲಿಲ್ಲ. ಯಾಕ್ ಬರ್ಲಿಲ್ಲ ಅಂತ ಮೇಷ್ಟ್ರು ಕೇಳಿದ್ರೆ ಏನ್ ಹೇಳೋದು ಅಂತ ಆಮೇಲೂ ಹೋಗ್ಲಿಲ್ಲ.”

ಸರಳಾ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿದಳು. ಟೀಚರು ಅದನ್ನು ಹುಡುಗಿಯರಿಗೆ ದಾಟಿಸಿದರು. ಮಾತು ಅಷ್ಟು ದೂರ ಹೋಗಿ ಮುಟ್ಟುವವರೆಗೆ ನಾಗಮಣಿ ಕಾದಳು.

“ಈಗ್ಲೂ ಹಂಗೇ,” ಎಂದಳು. “ಇಲ್ಲಿ ಬಾತ್‌ರೂಮಲ್ಲಿ, ಟವಲ್ ಮರೇಲಿ ಹಾಕ್ತೀನಿ. ಹೀಟಿಂಗ್ ನಿಂತ್ಮೇಲೆ ಒಣಗ್ತಿಲ್ಲ. ಇವತ್ತೂ ಹಸೀದೇ.”

ಸರಳಾ ಪರದೆಯಿಂದ ಇತ್ತ ತಿರುಗಿದಳು. ಅವಳ ಕಣ್ಣು ನಾಗಮಣಿಯ ಮುಖದಿಂದ ಅವಳು ಕೂತ ಭಂಗಿಗೆ ಇಳಿದು, ಅಲ್ಲಿಂದ ಮೇಲೆ ಬರಲಿಲ್ಲ. “ಇವತ್ತೂ ಅಂದ್ರೆ,” ಎಂದು ಕೇಳಹೊರಟು ಬಿಟ್ಟಳು. ಪರದೆಗೆ ತಿರುಗಿ ಅದನ್ನೂ ಹೇಳಿದಳು. ಹೇಳುವಾಗ ಅವಳ ಇಂಗ್ಲಿಷ್ ಎರಡು ಸಲ ತಡವರಿಸಿತು.

ಅತ್ತ ಕಡೆ ಮೊದಲು ಮಾತಾಡಿದ್ದು ಆ ಕೊನೆಯ ಹುಡುಗಿಯೇ. ಧಾನ್ಯದ ಬುಟ್ಟಿಯ ಅಡಿಯಲ್ಲಿ, ಎಂದಿತು. ಆಮೇಲೆ ಒಬ್ಬೊಬ್ಬರದೂ ಬಂತು. ಹಾಸಿಗೆಯ ಕೆಳಗೆ, ಸೂರಿನ ಹುಲ್ಲಿನೊಳಗೆ, ತಮ್ಮನ ಒದ್ದೆ ಅಂಗಿಯ ಒಳಗೆ. ಈ ಪ್ಯಾಡನ್ನು ಹಗ್ಗದ ಮೇಲೆ ಹಾಕಿದರೆ ಏನೆಂದು ಊರಿಗೆಲ್ಲ ಗೊತ್ತಾಗುತ್ತದೆ, ಅದರ ಆಕಾರವೇ ಹೇಳುತ್ತದೆ ಎಂದಳು ಇನ್ನೊಬ್ಬಳು. ಅಚಾನ್ ಟೀಚರು ಹಣೆ ಒತ್ತಿಕೊಂಡು ನಕ್ಕರು. ತಮ್ಮದು ಸೈಕಲ್ಲಿನ ಟೂಲ್ ಡಬ್ಬಿಯ ಪಕ್ಕದಲ್ಲಿ ಒಣಗುತ್ತದೆ, ಇದನ್ನು ತಮ್ಮ ಗಂಡನಿಗೂ ಹೇಳಿಲ್ಲ ಎಂದರು.

ಪಾಠ ಮುಗಿದು ಪರದೆ ಕಪ್ಪಾದ ಮೇಲೆ ತಿರುಗಿದರೆ, ಹೊಸ್ತಿಲಾಚೆ ಗಿರಿಜಮ್ಮ ನಿಂತಿದ್ದರು. ಕಾಫಿಗೆ ಹಾಲು ಕಾಯಿಸಲು ಕರೆಯಲು ಬಂದವರು. ಎಷ್ಟು ಹೊತ್ತಿನಿಂದ ನಿಂತಿದ್ದರೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

“ಯಾವಾಗಿಂದ ಇದು?”

“ನೀವು ಬಂದಾಗಿಂದ ಅಮ್ಮ.”

“ದೀಪ?”

“ಹಚ್ಚಿದೀನಿ.”

ಗಿರಿಜಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ದಿನಾ ಎಳ್ಳುಂಡೆ ತಿಂದ್ಯಲ್ಲೇ ನನ್ನೆದುರಿಗೆ.”

“ನೀವು ಕೊಟ್ರಿ,” ಎಂದಳು ನಾಗಮಣಿ.

ಸರಳಾ ನಡುವೆ ಬಂದು, ತಪ್ಪೆಲ್ಲ ತನ್ನದು, ಒಂದು ಮಾತು ತಾನು ಕೇಳಬೇಕಿತ್ತು ಎಂದಳು.

“ನಿಂದೂ ಇದೆ, ಇರು,” ಎಂದರು ಗಿರಿಜಮ್ಮ. “ನಾನು ಹೇಳಿದ್ದು ಮೂರು ದಿನ. ನೀನು ಐದು ದಿನ ಕೂತೆ, ಇವಳ ರೂಮಲ್ಲಿ. ನಂಗೂ ಎಣಿಸೋಕೆ ಬರತ್ತೆ ಕಣಮ್ಮ.”

ಗಿರಿಜಮ್ಮ ನಾಗಮಣಿಯತ್ತ ತಿರುಗಿದರು. ಬೈಗುಳ ಬರುತ್ತದೆಂದು ಅವಳು ಕಾದಳು. ಅವರಿಗೂ ಸುಸ್ತಾಗಿದ್ದಂತಿತ್ತು, ಹೊರಡಲಾಗದ ಊರಿನಲ್ಲಿ ಪರರ ಕೈಯಡುಗೆಗೆ ಕಾಯುತ್ತಾ ಕೂತು ಅವರಿಗೂ ನಾಲ್ಕು ತಿಂಗಳಾಗಿತ್ತು.

“ಹುಣ್ಣಾಗಿದ್ಯಾ?”

ಅವಳು ತಲೆಯಾಡಿಸಿದಳು.

“ಕೊಬ್ಬರಿ ಎಣ್ಣೆ ಕಳಿಸ್ತೀನಿ, ಹಚ್ಕೊ. ಒಣಗಿರೋದು ಏನಾದ್ರೂ ಕೊಡೇ ಸರಳಾ ಅವಳಿಗೆ, ನಿಂದು ಪ್ಯಾಕೆಟ್ಟಿದೆಯಲ್ಲ. ಮೂರು ದಿನ ಅಡುಗೆಮನೆ ಕಡೆ ಬರಕೂಡದು ನೀನು, ನಾಗಮಣಿ. ದೇವರಿಗೆ ಏನು ಹೇಳ್ಕೋಬೇಕೋ ನಾನು ಹೇಳ್ಕೋತೀನಿ.” ಗೋಡೆ ಹಿಡಿದು ತಿರುಗಿ ನಡುಮನೆಯತ್ತ ನಡೆಯುತ್ತಾ ಮಗನನ್ನು ಕರೆದರು. ಮೀಟಿಂಗಿನಲ್ಲಿದ್ದೇನೆಂದು ಮುರಳೀಧರ ಕೈಸನ್ನೆ ಮಾಡಿದನಂತೆ. ಅದನ್ನು ಮುಗಿಸಿ ಏಳು, ಈ ಮನೆಯಲ್ಲಿ ಇವತ್ತು ಒಲೆ ಮುಟ್ಟುವಂಥವನು ನೀನೊಬ್ಬನೇ ಉಳಿದಿರುವುದು ಎಂದರಂತೆ ತಾಯಿ. ನಿಹಾರಿಕಾ ಅದನ್ನು ನೋಡಿ ಡಚ್ಚಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದುದು ರೂಮಿಗೂ ಕೇಳಿಸಿತು.

ಎಣ್ಣೆ ಹಚ್ಚಿಕೊಂಡು, ಒಣಗಿದ್ದನ್ನು ಇಟ್ಟುಕೊಂಡು ನಾಗಮಣಿ ತನ್ನ ಮಂಚದ ಮೇಲೆ ಕಾಲು ಚಾಚಿದಳು. ಹಗಲಲ್ಲಿ ಹಾಗೆ ಮಲಗಿ ಯಾವ ಕಾಲವಾಗಿತ್ತೋ. ಸರಳಾ ಹೊಲಿಗೆ ಮಷಿನ್ನಿನ ಕುರ್ಚಿಯಲ್ಲಿ ಕೂತಳು. ಏನೋ ಹೇಳಲು ಎರಡು ಮೂರು ಸಲ ಶುರು ಮಾಡಿ ನಿಲ್ಲಿಸಿದಳು. ಕೊನೆಗೆ ಬಂದದ್ದು ಕೆಲಸದ ಮಾತೇ. ಪ್ಯಾಡಿನ ಆಕಾರ ಬದಲಾಯಿಸೋಣ, ಬಿಚ್ಚಿ ಹಾಕಿದರೆ ಬರೀ ಕರವಸ್ತ್ರದಂತೆ, ಚೌಕವಾಗಿ ಕಾಣುವ ಹಾಗೆ ಹೊಲಿಯಲಾಗುತ್ತದಾ, ಎಷ್ಟು ಮಡಿಕೆ ಬೇಕಾದೀತು, ನಾಳೆಯೇ ಟೀಚರಿಗೆ ಬರೆದರೆ ಹೇಗೆ ಎಂದು ಕೇಳಿದಳು.

ನಾಗಮಣಿಗೆ ಉತ್ತರ ಗೊತ್ತಿತ್ತು. ಮೂರು ಮಡಿಕೆ ಸಾಕು, ಬಣ್ಣ ಗಾಢವಾಗಿರಬೇಕು. ಕಣ್ಣು ಮುಚ್ಚಿದರೆ ಬಟ್ಟೆ ಕತ್ತರಿಸುವ ಗೆರೆಯೂ ಕಾಣುತ್ತಿತ್ತು.

“ನಾಳೆ ಹೇಳ್ತೀನಿ ಅಕ್ಕ,” ಎಂದಳು.

ಈ ಮನೆಗೆ ಬಂದ ಮೇಲೆ ಅವಳು ಯಾವುದನ್ನೂ ನಾಳೆಗೆ ಹಾಕಿರಲಿಲ್ಲ. ಸರಳಾ ಲ್ಯಾಪ್‌ಟಾಪ್ ಮುಚ್ಚಿ ಬದಿಗಿಟ್ಟಳು. ಅಡುಗೆಮನೆಯಿಂದ ಮುರಳೀಧರ, ಸಾಸಿವೆ ಡಬ್ಬಿ ಎಲ್ಲಿದೆ ಎಂದು ಕೂಗಿ ಕೇಳಿದ. ಗಿರಿಜಮ್ಮನಿಗೆ ಗೊತ್ತಿರಲಿಲ್ಲ. ಸರಳಾ ಮಂಚದ ಕಡೆ ನೋಡಿದಳು. ನಾಗಮಣಿ ಆಗಲೇ ನಿದ್ದೆ ಹೋಗಿದ್ದಳು.