ಮಷೀನ್ ಸರಿ ಐತ್ರಿ

ಅಫ್ರೀನ್ ರಾಣೆಬೆನ್ನೂರಿನ ಒಂದು ಲ್ಯಾಬಿನಲ್ಲಿ ಆರು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದಳು. ಹಲಗೇರಿಯಿಂದ ಏಳರ ಬಸ್ಸಿಗೆ ಬಂದರೆ ಸಂಜೆಯವರೆಗೆ ಪುರುಸೊತ್ತಿಲ್ಲ. ಅಜ್ಜಿ ಜೈತೂನಬಿ ಕಟ್ಟಿಕೊಟ್ಟ ರೊಟ್ಟಿ ಡಬ್ಬಿ ಎಷ್ಟೋ ದಿನ ಹಾಗೇ ವಾಪಸು ಹೋಗುತ್ತಿತ್ತು. ಹಸಿವಾದರೆ ಎದುರಿನ ಅಂಗಡಿಯಿಂದ ತಣ್ಣಗಿನ ಆರೆಂಜ್ ಪಾನೀಯದ ಬಾಟಲಿ ತರಿಸುತ್ತಿದ್ದಳು, ದಿನಕ್ಕೆ ಮೂರು.

ಒಂದು ಸೋಮವಾರ ಲ್ಯಾಬಿಗೆ ರಕ್ತ ಪರೀಕ್ಷೆಯ ಹೊಸ ಮಷೀನ್ ಬಂತು. ಪೇಶಂಟುಗಳು ಬರುವ ಮೊದಲು ಒಮ್ಮೆ ನಡೆಸಿ ನೋಡೋಣವೆಂದು ಅಫ್ರೀನ್ ತನ್ನದೇ ರಕ್ತ ಕೊಟ್ಟಳು. ಜೊತೆಗೆ ಕೆಲಸ ಮಾಡುವ ಕನಕರಾಜ ಸೂಜಿ ಚುಚ್ಚಿದ. ಹೆಂಗಸರಿಗೆ ಆರರ ಒಳಗಿರಬೇಕಾದ ಯೂರಿಕ್ ಆ್ಯಸಿಡ್ ಎಂಟು ಪಾಯಿಂಟ್ ಒಂದು ಬಂತು.

“ಕನಕಣ್ಣ, ಈ ಮಷೀನ್ ಕೆಟ್ಟೈತಿ.”

“ಇವತ್ತ ಅದರ ಡಬ್ಬಿ ಬಿಚ್ಚೇವಲ್ಲ ತಂಗಿ!”

“ಮತ್ತ? ನನಗ ಕಾಲು ನೋವಿಲ್ಲ, ಬಾವಿಲ್ಲ. ಇದು ಮಟನ್ ತಿನ್ನೋ ಮುದುಕರಿಗೆ ಬರೋದು.”

ಭಾನುವಾರ ಮಟನ್ ತಪ್ಪಿಸದ ಕನಕರಾಜ ತನ್ನ ರಕ್ತವನ್ನೂ ಹಾಕಿದ. ಐದು ಪಾಯಿಂಟ್ ಎರಡು! “ನಂದು ಎಷ್ಟ್ ಚಲೋ ಹೇಳತೈತಿ ನೋಡು,” ಎಂದು ನಕ್ಕ.

ಅಫ್ರೀನ್ ಬಿಡಲಿಲ್ಲ. ಫೋನು ಮಾಡಿ ಹಾವೇರಿಯಿಂದ ಎಂಜಿನಿಯರನನ್ನು ಕರೆಸಿದಳು. ಅವನು ತಾಸುಗಟ್ಟಲೆ ಪರೀಕ್ಷೆ ಮಾಡಿ, “ಮಷೀನ್ ಸರಿ ಐತ್ರಿ ಮೇಡಂ,” ಎಂದು ಚಹಾ ಕುಡಿದು ಹೋದ.

ಬೇರೆ ದಾರಿಯಿಲ್ಲದೆ ಮೇಲಿನ ಮಹಡಿಯ ಡಾಕ್ಟರ್ ರೋಹಿಣಿಯವರ ಹತ್ತಿರ ಹೋದಳು. ಅವರು ಚೀಟಿ ನೋಡಿ, ಸೊಂಟ ಅಳೆಯಲು ಟೇಪು ತೆಗೆದರು.

“ನಾ ಸಣ್ಣಾಕಿ ಅದೀನ್ರಿ ಮೇಡಂ.”

“ಕೈಕಾಲು ಸಣ್ಣ ಅದಾವು. ಹೊಟ್ಟಿ ಬ್ಯಾರೇನ ಹೇಳಾಕತ್ತೈತಿ.”

ಬಿಪಿ ಸ್ವಲ್ಪ ಮೇಲಿತ್ತು, ರಕ್ತದ ಕೊಬ್ಬೂ ಹೆಚ್ಚಿತ್ತು. “ಯೂರಿಕ್ ಆ್ಯಸಿಡ್ ಅಂದ್ರ ಬರೇ ಕೀಲುನೋವಲ್ಲವ್ವಾ. ಬಿಪಿ, ಸಕ್ಕರಿ, ಕೊಬ್ಬು, ಕಿಡ್ನಿ ಎಲ್ಲಾ ಕೂಡಿಸಿ ನೋಡಬೇಕು. ಸದ್ಯ ಗುಳಿಗಿ ಬ್ಯಾಡ. ದಿನಾ ಏನ್ ಕುಡೀತಿ?”

ಅಫ್ರೀನ್ ಹೇಳಿದಳು.

“ಮೂರು ಬಾಟಲಿ?”

“ಮ್ಯಾಲೆ ಹಣ್ಣಿನ ಚಿತ್ರ ಐತ್ರಿ…”

“ಒಳಗ ಸಕ್ಕರಿ ಐತಿ! ಅದೂ ಯೂರಿಕ್ ಆ್ಯಸಿಡ್ ಏರಸತೈತಿ.”

ದಿನವೂ ಊರಿಗೆಲ್ಲ ರಿಪೋರ್ಟು ಹಂಚುವವಳಿಗೆ ನಾಚಿಕೆಯಾಯಿತು. ಮರುದಿನದಿಂದ ಬಾಟಲಿ ಬಂದ್ ಮಾಡಿ, ನೀರು, ಮಜ್ಜಿಗೆ ಹಿಡಿದಳು. ಮೊದಲ ವಾರ ತಲೆ ಸಿಡಿಯಿತು, ಕನಕರಾಜನ ಮೇಲೆ ಸುಮ್ಮಸುಮ್ಮನೆ ರೇಗಿದಳು. ಮಧ್ಯಾಹ್ನ ಕೂತು ರೊಟ್ಟಿ ತಿನ್ನತೊಡಗಿದಳು. ಸಂಜೆ ಒಂದು ಸ್ಟಾಪ್ ಮೊದಲೇ ಇಳಿದು ನಡೆದಳು.

ಮೂರು ತಿಂಗಳಿಗೆ ಆರು ಪಾಯಿಂಟ್ ಎರಡು. “ಇನ್ನೂ ತುಸು ಇಳೀಲಿ,” ಎಂದರು ಡಾಕ್ಟರು. ಬಿಪಿ ಆಗಲೇ ಸರಿಹೋಗಿತ್ತು.

ಸುದ್ದಿ ಕೇಳಿದ ಜೈತೂನಬಿ, “ನಂದೂ ನೋಡವಾ,” ಎಂದು ಮೊಮ್ಮಗಳ ಜೊತೆ ಬಸ್ ಹತ್ತಿದಳು. ಎಪ್ಪತ್ತು ದಾಟಿದ ಅಜ್ಜಿಯದು ನಾಲ್ಕು ಪಾಯಿಂಟ್ ಮೂರು, ಉಳಿದದ್ದೂ ಸರಿ. ಅಂದು ಸಂಜೆ ಅಜ್ಜಿ ಆ ಕಾಗದ ಹಿಡಿದು ಹಲಗೇರಿಯ ಓಣಿಯ ಒಂದು ಮನೆಯನ್ನೂ ಬಿಡಲಿಲ್ಲ.